ರೂಟರ್ ಮಲಗಿ ಎದ್ದದ್ದು ಯಾರಿಗೂ ಗೊತ್ತಾಗಬಾರದು

ನನ್ನ ನೌಕರಿಯಲ್ಲಿ ಕೆಲಸ ಸರಿಯಾಗಿ ಆದ ದಿನ ಯಾರೂ ಮಾತಾಡುವುದಿಲ್ಲ. ಕೆಟ್ಟ ದಿನ ಮಾತ್ರ ಐದು ತಾಲೂಕಿಗೆ ಸುದ್ದಿ. ಅಂಥ ದಿನಗಳು ನನ್ನ ಪಾಲಿಗೆ ಎಷ್ಟು ಬರುತ್ತವೆ ಎಂದರೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ನನ್ನ ಗಂಡ "ಇವತ್ತ ಯಾವ ಊರು?" ಎಂದು ಕೇಳುತ್ತಾರೆ. ಮಳೆ ಬಂತೇನು ಎಂದು ಕೇಳಿದಷ್ಟು ಸಲೀಸಾಗಿ.

ನಾನು ಚಿಕ್ಕೋಡಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯ ಇಂಜಿನಿಯರ್. ಕಂಪನಿಯ ಮಾಲೀಕರು ಮೊದಲು ಟಿವಿ ಕೇಬಲ್ ನಡೆಸುತ್ತಿದ್ದವರು. ನನ್ನನ್ನು "ಬಾಯಾರ" ಎಂದು ಗೌರವದಿಂದಲೇ ಕರೆಯುತ್ತಾರೆ, ಬೈಯುವಾಗಲೂ ಬಿಡುವುದಿಲ್ಲ. ಇನ್ನೊಬ್ಬರು ನಮ್ಮ ಹಿರಿಯ ಲೈನ್‌ಮನ್. ಕಂಬ ಹತ್ತುವುದನ್ನು ಬಿಟ್ಟು ಈಗ ಜೀಪು ನಡೆಸುತ್ತಾರೆ. ನಾನು ಅವರನ್ನು ಮಾಮಾ ಎನ್ನುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಐನಾಪುರ, ಹೀಗೆ ಐದು ಊರಲ್ಲಿ ನಮ್ಮ ಐದು ರೂಟರ್. ಮನೆಮನೆಯ ನೆಟ್ಟೆಲ್ಲ ಇವುಗಳ ಮೂಲಕವೇ ಹಾದು ಹೋಗಬೇಕು.

ಈ ಐದೂ ಒಂದಕ್ಕೊಂದು ಸದಾ ಸಂಕೇತ ಕಳಿಸುತ್ತಿರುತ್ತವೆ. "ಇದ್ದೀಯಾ?" "ಇದ್ದೀನಿ." ಆ ಮಾತಿನ ಮೇಲೆಯೇ ಯಾರ ನೆಟ್ಟು ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನವಾಗುತ್ತದೆ. ನಮ್ಮ ರೂಟರ್‌ಗಳಿಗೆ ಒಂದು ಚಾಳಿ ಇತ್ತು: ವಾರಕ್ಕೊಮ್ಮೆ ಯಾವುದಾದರೂ ಒಂದರ ತಂತ್ರಾಂಶ ತಾನೇ ನಿಂತು, ಒಂದೆರಡು ನಿಮಿಷದಲ್ಲಿ ತಾನೇ ಶುರುವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ರೂಟರ್‌ಗಳು ಇದು ಸತ್ತಿತೆಂದು ತಿಳಿದು ಕಟ್ಟಿದ ದಾರಿಯನ್ನೆಲ್ಲ ಕಿತ್ತುಹಾಕುತ್ತಿದ್ದವು. ಮತ್ತೆ ಕಟ್ಟಲು ಕಾಲು ಗಂಟೆ. ಆ ಕಾಲು ಗಂಟೆ ಮಾಲೀಕರ ಮೊಬೈಲ್ ಕಿವಿಯಿಂದ ಇಳಿಯುತ್ತಿರಲಿಲ್ಲ.

ಇದಕ್ಕೆ ಮದ್ದು 'ಗ್ರೇಸ್‌ಫುಲ್ ರಿಸ್ಟಾರ್ಟ್'. ರೂಟರ್ ತನ್ನ ಪಕ್ಕದವರಿಗೆ ಮೊದಲೇ ಹೇಳಿಡುತ್ತದೆ: ನಾನು ಸ್ವಲ್ಪ ಹೊತ್ತು ಮಾತಾಡದಿದ್ದರೆ ಸತ್ತೆನೆಂದು ತಿಳಿಯಬೇಡಿ, ದಾರಿ ಹಾಗೇ ಇಟ್ಟಿರಿ, ಎದ್ದು ಬರುತ್ತೇನೆ. ಆ ವ್ಯವಸ್ಥೆ ಮಾಡುತ್ತೇನೆಂದು ಮಾಲೀಕರ ಮುಂದೆ ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ.

ಹೇಳಿದ್ದು ಖರೇ

ಮೂರು ದಿನ ಕೂತು ರೂಟರಿನ ಪುಸ್ತಕ ಓದಿ, ಚಿಕ್ಕೋಡಿ ರೂಟರ್‌ಗೆ ಬೇಕಾದ್ದನ್ನೆಲ್ಲ ಹಾಕಿದೆ. ಇಂಥ ಕೆಲಸಕ್ಕೆ ನಮ್ಮಲ್ಲಿ ಪ್ರಶಸ್ತ ಸಮಯ ಮಧ್ಯಾಹ್ನ ಎರಡರಿಂದ ನಾಲ್ಕು. ರಾತ್ರಿ ಎಲ್ಲರೂ ಮೊಬೈಲ್ ಹಿಡಿದು ಎಚ್ಚರ ಇರುತ್ತಾರೆ. ಮಧ್ಯಾಹ್ನವಾದರೆ ಅಂಗಡಿಗಳ ಶಟರ್ ಅರ್ಧ ಇಳಿದಿರುತ್ತದೆ, ಊಟ ಮಾಡಿದವರು ಹೊರಳಿರುತ್ತಾರೆ.

ಎರಡೂ ಹತ್ತಕ್ಕೆ ಮಾಲೀಕರನ್ನು ಕರೆದು ಕೂರಿಸಿಕೊಂಡೆ. "ಈಗ ಚಿಕ್ಕೋಡಿ ರೂಟರ್ ರಿಸ್ಟಾರ್ಟ್ ಮಾಡ್ತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ, ನೋಡ್ರಿ ಬೇಕಾದ್ರ."

"ಪಕ್ಕಾ?"

"ಪಕ್ಕಾ ರಿ. ನಾ ಎದ್ದ ಬರ್ತೀನಿ ಅಂತ ಅದು ಮೊದಲ ಹೇಳಿ ಇಟ್ಟಿರತೈತಿ."

ಗುಂಡಿ ಒತ್ತಿದೆ. ಇಪ್ಪತ್ತು ಸೆಕೆಂಡಿನಲ್ಲಿ ನನ್ನ ಪರದೆಯ ಮೇಲೆ ನಾಲ್ಕೂ ಊರು ಕೆಂಪಾದವು. ಮೊದಲ ಫೋನು ರಾಯಬಾಗದಿಂದ, ಮಾಲೀಕರ ಬೀಗರದು. ಅವರು ಮಲಗಿರಲಿಲ್ಲ. ಮಗಳ ಮಾವನಿಂದ ಬೈಸಿಕೊಳ್ಳುವುದು ಹೇಗಿರುತ್ತದೆಂದು ಮಾಲೀಕರ ಮುಖದಲ್ಲಿ ನೋಡಿದೆ. ಫೋನು ದೂರ ಹಿಡಿದಿದ್ದರೂ ಪ್ರತಿ ಶಬ್ದ ನನಗೂ ಕೇಳುತ್ತಿತ್ತು.

ನಾನು ಗಾಬರಿಯಿಂದ ಪುಸ್ತಕ ತಿರುವಿದೆ. ಎರಡನೆಯ ಪುಟದ ಮೊದಲ ಸಾಲಿನಲ್ಲೇ ಇತ್ತು: ಈ ವ್ಯವಸ್ಥೆಯನ್ನು ಎರಡೂ ಕಡೆಯ ರೂಟರ್‌ಗಳಲ್ಲಿ ಮಾಡಿರತಕ್ಕದ್ದು. ನಾನು ಒಂದನೆಯ ಪುಟ ಓದಿಯೇ ಮಾಲೀಕರಿಗೆ ಮಾತು ಕೊಡಲು ಓಡಿದ್ದೆ. ಆಮೇಲೆ ಮೂರು ದಿನ ಓದಿದ್ದು ಐದನೆಯ ಪುಟದಿಂದ ಮುಂದಕ್ಕೆ.

ಇದನ್ನು ಮಾಲೀಕರಿಗೆ ತಿಳಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

"ಚಿಕ್ಕೋಡಿಗೆ ಬಾಯಿ ಕೊಟ್ಟೀರಿ ಬಾಯಾರ, ಅದು ಹೇಳೇತಿ, ಖರೇ," ಎಂದರು. "ರಾಯಬಾಗಕ್ಕ ಕಿವಿ ಕೊಟ್ಟಿರೇನು?"

ಸೀನು

ಹಾಗಾಗಿ ಊರೂರಿಗೆ ಹೋಗಿ ಪ್ರತಿ ರೂಟರ್‌ಗೂ ಕಿವಿ ಬಾಯಿ ಎರಡೂ ಕೊಡುವ ಯಾತ್ರೆ ಶುರುವಾಯಿತು. ಕೂತಲ್ಲಿಂದಲೂ ಮಾಡಬಹುದಿತ್ತು. ಆದರೆ ತಪ್ಪಾದರೆ ದೂರದಿಂದ ರೂಟರ್ ಕೈಗೆ ಸಿಗುವುದಿಲ್ಲ, ನಾನು ತಪ್ಪು ಮಾಡುತ್ತೇನೆಂಬ ವಿಶ್ವಾಸ ಮಾಲೀಕರಿಗೆ ಅಷ್ಟರಲ್ಲಿ ಬಂದುಬಿಟ್ಟಿತ್ತು.

ನಿಪ್ಪಾಣಿಯಲ್ಲಿ ನಮ್ಮ ರೂಟರ್ ಇರುವುದು ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ. ಗೋದಾಮಿನ ಯಜಮಾನರು ಬಿಳಿ ಟೊಪ್ಪಿಗೆಯ ಹಿರಿಯರು, ನಾವು ಶೇಟಜಿ ಎನ್ನುತ್ತೇವೆ. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಐವತ್ತು ವರ್ಷದಿಂದ ತಂಬಾಕಿನ ಘಾಟಿನಲ್ಲೇ ಕೂತಿದ್ದರಿಂದ ಅವರಿಗೆ ಏನೂ ಅನ್ನಿಸುವುದಿಲ್ಲ. ನಾನು ಮೊದಲ ಮೆಟ್ಟಿಲಿಗೇ ಸೀನಲು ಶುರು.

ಸೀನುತ್ತ ಸೀನುತ್ತ ಟೈಪ್ ಮಾಡಿದೆ. ಪಕ್ಕದವರು ಎಷ್ಟು ಹೊತ್ತು ಕಾಯಬೇಕು ಎಂಬ ಜಾಗದಲ್ಲಿ ನೂರಾ ಇಪ್ಪತ್ತು ಎಂದು ಹಾಕಿದೆ. ನೂರಾ ಇಪ್ಪತ್ತು ಸೆಕೆಂಡ್, ಎರಡು ನಿಮಿಷ, ಲೆಕ್ಕ ಸರಿ. ಚಿಕ್ಕೋಡಿಯಲ್ಲೂ ಅದನ್ನೇ ಹಾಕಿದ್ದೆ. ರಿಸ್ಟಾರ್ಟ್ ಒತ್ತಿದೆ.

ಅವತ್ತು ನನ್ನನ್ನು ಬಸ್ಸಿಗೆ ಹತ್ತಿಸಿ ಚಿಕ್ಕೋಡಿಯಲ್ಲೇ ಪರದೆ ನೋಡುತ್ತ ಕೂತಿದ್ದ ಮಾಮಾ ಫೋನು ಮಾಡಿದರು. "ಮೇಡಮ್ಮರ, ಹೋತ್ರಿ."

"ಎರಡ ನಿಮಿಷ ಕಾಯ್ತೈತಿ ಮಾಮಾ, ಅಷ್ಟರಾಗ ಹೆಂಗ ಹೋಗ್ತೈತಿ?"

"ಕಾಯಲಿಲ್ರಿ. ನೀವು ಒತ್ತೂದಕ್ಕ, ಇದು ಹೋಗೂದಕ್ಕ."

ಮತ್ತೆ ಪುಸ್ತಕ. ಚಿಕ್ಕೋಡಿಯ ರೂಟರ್ ಒಂದು ಕಂಪನಿಯದು, ಅದು ಸೆಕೆಂಡಿನಲ್ಲಿ ಎಣಿಸುತ್ತದೆ. ನಿಪ್ಪಾಣಿಯದು ಬೇರೆ ಕಂಪನಿಯದು. ಅದು ಒಂದು ಸೆಕೆಂಡನ್ನು ಸಾವಿರ ತುಂಡು ಮಾಡಿ ಆ ತುಂಡಿನಲ್ಲಿ ಎಣಿಸುತ್ತದೆ. ಅಂದರೆ ನಾನು ಬರೆದ ನೂರಾ ಇಪ್ಪತ್ತು, ಒಂದು ಸೆಕೆಂಡಿನ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ.

ನನ್ನ ಸೀನಿನ ಸದ್ದಿಗೋ, ನಾನು ಹಣೆ ಬಡಿದುಕೊಂಡ ಸದ್ದಿಗೋ ಶೇಟಜಿ ಮೇಲೆ ಬಂದರು. "ಕಾಯ ಝಾಲಂ ಬಾಯಿ? ಏನಾತು?"

ನಡೆದದ್ದು ಹೇಳಿದೆ. "ನಾ ಒಂದ ಸಲ ಸೀನೂದರಾಗ ಅದು ಕಾದು, ಬ್ಯಾಸತ್ತು, ಎದ್ದ ಹೋಗೇತ್ರಿ ಶೇಟಜಿ."

ಶೇಟಜಿ ಮುಖ ಅರಳಿತು. "ಅಗದೀ ನಮ್ಮ ಮನ್ಯಾವರಂಗ! ನಾ ಕೈ ತೊಳಕೊಂಡ ಬರೂದರಾಗ ತಾಟ ಎತ್ತಿ ಇಟ್ಟಿರ್ತಾರ. ಕೇಳಿದ್ರ, 'ಎಷ್ಟೊತ್ತ ಕಾಯೂದು?' ಅಂತಾರ."

ಎತ್ತಿದ ಚಪ್ಪಲಿ

ಒಮ್ಮೆ ಕಡಿಮೆ ಹಾಕಿ ಕೆಟ್ಟವರು ಎರಡನೆಯ ಸಲ ಜಾಸ್ತಿ ಹಾಕುತ್ತಾರೆ. ನಾನು ಹಾಕಿದೆ. ಅಥಣಿಯ ರೂಟರೂ ಸಾವಿರದ ತುಂಡಿನ ಲೆಕ್ಕದ್ದೇ. ಎರಡು ನಿಮಿಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಬರೆಯಬೇಕು. ಸೊನ್ನೆಗಳನ್ನು ಬಾಯಲ್ಲಿ ಎಣಿಸುತ್ತ ಟೈಪ್ ಮಾಡಿದೆ. ನಡುವೆ ಮಾಮಾ "ಚಾ ಹೇಳ್ಲೇನ್ರಿ?" ಎಂದು ಕೇಳಿದರು. "ಹೂಂ" ಎಂದೆ. ಆ ಹೂಂಕಾರಕ್ಕೂ ಒಂದು ಸೊನ್ನೆ ಬಿತ್ತು. ಎರಡು ನಿಮಿಷ ಹೋಗಿ ಇಪ್ಪತ್ತು ನಿಮಿಷವಾಯಿತು.

ರಿಸ್ಟಾರ್ಟ್ ಒತ್ತಿದೆ. ಪರದೆ ನೋಡಿದೆ. ಹಸಿರು! ಒಂದು ದಾರಿಯೂ ಕೆಂಪಾಗಲಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಡಬ್ಬಿ ಬಿಚ್ಚಿ ರೊಟ್ಟಿ, ಕೆಂಪು ಖಾರ, ಮೊಸರು ಮುಂದಿಟ್ಟುಕೊಂಡು ನಿಧಾನವಾಗಿ ಊಟ ಮಾಡಿದೆ.

ನನಗೆ ಗೊತ್ತಿಲ್ಲದ್ದು ಇಷ್ಟೇ: ರೂಟರ್ ಮಲಗಿದ್ದು ಎದ್ದೇ ಇರಲಿಲ್ಲ. ಪೂರ್ತಿ ಸ್ತಬ್ಧವಾಗಿತ್ತು. ದೀಪ ಉರಿಯುತ್ತಿತ್ತು, ಒಂದು ಅಕ್ಷರವೂ ಆಚೀಚೆ ಹೋಗುತ್ತಿರಲಿಲ್ಲ. ಮೊದಲಾಗಿದ್ದರೆ ಪಕ್ಕದ ರೂಟರ್‌ಗಳು ಕೂಡಲೇ ಬೊಬ್ಬೆ ಹಾಕುತ್ತಿದ್ದವು. ಈಗ ನನ್ನ ಆಜ್ಞೆಯಂತೆ ಇಪ್ಪತ್ತು ನಿಮಿಷ "ಬರ್ತೈತಿ, ಎದ್ದ ಬರ್ತೈತಿ" ಎಂದು ಮರ್ಯಾದೆಯಿಂದ ಕಾಯುತ್ತ ಕೂತಿದ್ದವು. ಹಸಿರು ಬಣ್ಣ ಅವುಗಳ ಮರ್ಯಾದೆಯ ಬಣ್ಣ.

ಕೈ ತೊಳೆಯಲು ರೂಟರಿದ್ದ ಮಾಳಿಗೆಯಿಂದ ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಅಂಗಡಿ. ಅಥಣಿಯ ಚರ್ಮದ ಚಪ್ಪಲಿ ಎಲ್ಲೆಲ್ಲಿಗೋ ಹೋಗುತ್ತದೆ, ಈ ಅಂಗಡಿಯವರು ಮೊಬೈಲಿನಲ್ಲೇ ಗಿರಾಕಿಗಳಿಗೆ ತೋರಿಸಿ ಮಾರುತ್ತಾರೆ. ನಾನು ಕೊನೆಯ ಮೆಟ್ಟಿಲಿಗೆ ಬಂದರೆ ಅಂಗಡಿಯವರು ನನ್ನ ಎದುರಿಗೇ ಒಂದು ಹೊಸ ಚಪ್ಪಲಿಯನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದು ನಿಂತಿದ್ದಾರೆ. ಮುಖದಲ್ಲಿ ಸಿಟ್ಟು. ನಾನು ಮೂರು ಮೆಟ್ಟಿಲು ಹಿಂದಕ್ಕೆ ಹತ್ತಿದೆ.

"ನೀವಲ್ರಿ, ಬರ್ರಿ ಬರ್ರಿ," ಎಂದರು. "ಪುಣೆದವ್ರಿಗೆ ತೋರಸಾಕತ್ತೀನಿ. ಹೊಲಿಗಿ ಸರೀ ಕಾಣೂ ಹಂಗ ಹಿಡೀರಿ ಅಂದ್ರು, ಹಿಡದೆ. ಆವಾಗಿಂದ ಅವ್ರು ಹಂಗ ನಿಂತಾರ. ಕಣ್ಣ ಸುದ್ದಾ ಮಿಟಕಸವಲ್ರು. ನನ್ನ ಕೈ ಸೋತ ಬಂತು."

ಅವರ ಮೊಬೈಲಿನಲ್ಲಿ ಒಬ್ಬ ಮನುಷ್ಯ ಬಾಯಿ ಅರ್ಧ ತೆರೆದುಕೊಂಡು ಅಲ್ಲಾಡದೆ ನಿಂತಿದ್ದ.

"ಅದು... ನೆಟ್ಟ ಹೋಗೇತ್ರಿ," ಎಂದೆ.

"ನಿಮಗ ಹೆಂಗ ಗೊತ್ತು?"

"ನಾನ ನೆಟ್ಟಿನಾಕಿ ರಿ."

ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದರು. "ಇದನ್ನ ನಿಮಗಂತ ಎತ್ತಿದ್ದಲ್ರಿ ಮೇಡಮ್ಮರ," ಎಂದರು. "ಆದ್ರ ಇನ್ನಾ ಇಳಿಸಿಲ್ಲ ನೋಡ್ರಿ."

ಸಂಜೆ ಐದರ ರೋಗ

ರಾಯಬಾಗ ಹೇಗೋ ಮುಗಿಯಿತು. ಐನಾಪುರದಲ್ಲಿ ಮಾತ್ರ ಎಲ್ಲ ಮೊದಲ ಸಲಕ್ಕೇ ಸರಿಯಾಯಿತು. ಸೊನ್ನೆಗಳನ್ನು ನಾನೊಮ್ಮೆ, ಮಾಮಾ ಒಮ್ಮೆ ಎಣಿಸಿದೆವು. ರಿಸ್ಟಾರ್ಟ್ ಒತ್ತಿದರೆ ನೆಟ್ಟು ಒಂದು ಕ್ಷಣವೂ ನಿಲ್ಲಲಿಲ್ಲ. ಅಲ್ಲಿ ರೂಟರ್ ಇರುವುದು ಒಂದು ಜೈನ ಮನೆತನದ ಪಡಸಾಲೆಯ ಗೂಡಿನಲ್ಲಿ. ಮನೆಯ ಹಿರಿಯಾಕೆಯನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಎರಡು ಸಲ ಚಹಾ ಕೊಟ್ಟು, ತಮ್ಮ ಹೊಲದ ಕಬ್ಬು ಮುರಿದು ಕೊಟ್ಟು ಉಪಚಾರ ಮಾಡಿದರು. ಗೆದ್ದ ಸಂಭ್ರಮದಲ್ಲಿ ನನ್ನ ನಾಲಿಗೆ ಸಡಿಲಾಯಿತು.

"ಇನ್ನ ಮ್ಯಾಲ ಈ ಪೆಟ್ಟಿಗಿ ಬಂದ್ ಆಗಿ ಚಾಲೂ ಆದ್ರೂ ಯಾರಿಗೂ ಗೊತ್ತಾಗಂಗಿಲ್ಲ ನೋಡ್ರಿ ಕಾಕೂ."

"ಹೌದೇನವಾ? ಭಾಳ ಚಲೋ ಆತು," ಎಂದರು ಕಾಕು.

ಮರುದಿನ ಸಂಜೆ ಐದಕ್ಕೆ ಐನಾಪುರ ಹೋಯಿತು. ಕಾಲು ಗಂಟೆ ಬಿಟ್ಟು ಬಂತು. ಅದರ ಮರುದಿನ, ಮತ್ತೆ ಐದಕ್ಕೆ. ಮೂರನೆಯ ದಿನವೂ. ಗಡಿಯಾರ ಹೊಂದಿಸಿಕೊಳ್ಳಬಹುದಾದಷ್ಟು ಕರಾರುವಾಕ್ಕು.

ನಾನು ಎಲ್ಲವನ್ನೂ ತಪಾಸಣೆ ಮಾಡಿದೆ. ಕಾಯುವ ಸಮಯ ಬದಲಿಸಿದೆ. ಸಂಜೆಯ ಬಿಸಿಲು ಗೂಡಿನ ಮೇಲೆ ಬೀಳುತ್ತದೇನೋ ಎಂದು ಅನುಮಾನಪಟ್ಟೆ. ರೂಟರ್ ತಯಾರಿಸಿದ ಕಂಪನಿಗೆ ನಾಲ್ಕು ಪುಟದ ಪತ್ರ ಬರೆದು, ನಿಮ್ಮ ತಂತ್ರಾಂಶದಲ್ಲಿ ಗಹನವಾದ ದೋಷವೊಂದನ್ನು ಪತ್ತೆ ಹಚ್ಚಿದ್ದೇನೆ ಎಂದು ತಿಳಿಸಿದೆ. ಗಹನ ಎಂಬ ಮಾತನ್ನು ಎರಡು ಸಲ ಬಳಸಿದ್ದೆ. ಅವರು ಒಂದೇ ಸಾಲಿನ ಉತ್ತರ ಕಳಿಸಿದರು: ವೈರು ಸರಿಯಾಗಿ ಚುಚ್ಚಿದೆಯೇ ನೋಡಿ. ನನಗೆ ಅವಮಾನವಾಯಿತು.

ಐದನೆಯ ದಿನ ನಾಲ್ಕೂವರೆಗೆ ನಾನು, ಮಾಮಾ ಆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಹೊಂಚು ಹಾಕಿ ಕೂತೆವು. ಐದಕ್ಕೆ ಅಡಿಗೆಮನೆಯಿಂದ ಕಾಕು ಬಂದರು. ಕಂಕುಳಲ್ಲಿ ಮಿಕ್ಸರ್. ನಮ್ಮತ್ತ ನಕ್ಕು, ನಮ್ಮ ರೂಟರಿನ ಪ್ಲಗ್ಗು ಕಿತ್ತು, ಮಿಕ್ಸರಿನದನ್ನು ಚುಚ್ಚಿ ಗರ್ರ್ ಎಂದು ಶೇಂಗಾ ಚಟ್ನಿ ರುಬ್ಬತೊಡಗಿದರು. ಹೊತ್ತು ಮುಳುಗುವ ಮೊದಲು ಅವರ ಮನೆಯಲ್ಲಿ ಊಟ ಮುಗಿಯಬೇಕು.

"ಕಾಕೂ! ಏನ ಮಾಡಾಕತ್ತೀರಿ?" ನಾನು ಕೂಗಿದೆ.

"ಯಾಕವಾ? ನೀನ ಹೇಳಿದ್ಯಲ್ಲ, ಬಂದ್ ಆಗಿ ಚಾಲೂ ಆದ್ರೂ ಯಾರಿಗೂ ಗೊತ್ತಾಗಂಗಿಲ್ಲಂತ. ನಮ್ಮ ಅಡಗಿಮನಿ ಪ್ಲಗ್ಗ ಸುಟ್ಟ ಹೋಗೇತಿ. ದಿನಾ ಮಗ್ಗಲಮನಿಗೆ ಹೋಗಿ ರುಬ್ಬಕೊಂಡ ಬರ್ತಿದ್ದೆ. ನಿನ್ನಿಂದ ಅದೊಂದ ತಪ್ಪಿತು ನೋಡು."

ನಾನು ಕೂತು ವಿವರಿಸಿದೆ: ರಿಸ್ಟಾರ್ಟ್ ಆದರೆ ಪೆಟ್ಟಿಗೆಯ ತಲೆ ಮಾತ್ರ ಮಲಗುತ್ತದೆ, ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಕರೆಂಟೇ ಕಿತ್ತರೆ ಕೈಯೂ ನಿಲ್ಲುತ್ತದೆ. ಕಾಕು ಗಮನವಿಟ್ಟು ಕೇಳಿ, "ಅಂದ್ರ ನೀ ಕಲತದ್ದು ಮಿಕ್ಸರ್ ತನಕಾ ಬರಂಗಿಲ್ಲೇನು?" ಎಂದು ನಿಜವಾದ ಕನಿಕರದಿಂದ ಕೇಳಿದರು.

ಮಾಮಾ ಪೇಟೆಗೆ ಹೋಗಿ ಎಕ್ಸ್‌ಟೆನ್ಷನ್ ಬೋರ್ಡು ತಂದು ಹಾಕಿದರು. ನಾನು ರಿಜಿಸ್ಟರಿನಲ್ಲಿ ದೋಷದ ಕಾರಣ ಎಂಬಲ್ಲಿ 'ವಿದ್ಯುತ್ ವ್ಯತ್ಯಯ' ಎಂದು ಬರೆದೆ. ಮಾಮಾ ಹೆಗಲ ಮೇಲಿಂದ ಬಗ್ಗಿ ಓದಿದರು.

"ಶೇಂಗಾ ಚಟ್ನಿ ಅಂತ ಬರೀರಿ ಮೇಡಮ್ಮರ. ನಾಳಿ ನಿಮ್ಮ ಜಾಗಾಕ್ಕ ಯಾರರ ಬಂದ್ರ, ನಾಕ ಪುಟ ಬರಿಯೂದ ಉಳೀತೈತಿ."

ಏನೂ ಆಗದ ದಿನ

ಎರಡು ತಿಂಗಳಾಯಿತು. ಒಂದು ಸೋಮವಾರ ಮಾಲೀಕರು ನನ್ನನ್ನು ಕರೆದರು. "ನಾಳಿ ಐದೂ ಊರು ಒಂದಾದ ಮ್ಯಾಲ ಒಂದ ನನ್ನ ಮುಂದ ರಿಸ್ಟಾರ್ಟ್ ಮಾಡ್ರಿ. ಈ ಸಲ ನೆಟ್ಟ ಹೋತಂದ್ರ ಬಾಯಾರ, ಕೊಲ್ಹಾಪುರದಿಂದ ಬ್ಯಾರೇದವ್ರನ್ನ ಕರಸ್ತೀನಿ. ಬೇಜಾರ ಆಗಬ್ಯಾಡ್ರಿ."

ಗಿರಾಕಿಗಳಿಗೆಲ್ಲ ಮೆಸೇಜು ಕಳಿಸಬೇಕಿತ್ತು. ನಾನು 'ನೆಟ್ಟಿನಲ್ಲಿ ಅಡಚಣೆ ಆಗಬಹುದು' ಎಂದು ಬರೆದೆ. ಮಾಲೀಕರು ಅದನ್ನು ಹೊಡೆದು 'ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೆಟ್ ಇರುವುದಿಲ್ಲ, ಸಹಕರಿಸಿ' ಎಂದು ಬರೆಸಿದರು. "ಇರಂಗಿಲ್ಲ ಅಂದಬಿಡ್ರಿ. ಉಳದ್ರ ಉಳೀಲಿ."

ಅದೇ ರಾತ್ರಿ ರಾಯಬಾಗದ ನನ್ನ ನಾದಿನಿಯ ಫೋನು. ಮಗಳ ಮದುವೆಯಲ್ಲಿ ನೆಂಟರಿಗೆ ಉಡುಗೊರೆ ಕೊಡುವ ಆಯೇರಿ ಸೀರೆ ತರಲು ಇಚಲಕರಂಜಿಗೆ ಹೋಗಿಬಂದಿದ್ದಳು. ನಾಳೆ ಮಧ್ಯಾಹ್ನ ವಿಡಿಯೋ ಕಾಲಿನಲ್ಲಿ ಒಂದೊಂದೇ ತೋರಿಸುತ್ತಾಳಂತೆ, ಯಾವುದು ಯಾರಿಗೆ ಎಂದು ನಾನು ಹೇಳಬೇಕಂತೆ. ಸೀರೆ ಎಷ್ಟು ಎಂದು ಕೇಳಿದೆ. ಮೂವತ್ತೆಂಟು. ಹಿಂದಿನ ಸಲ ಹದಿನಾರಕ್ಕೆ ಮೂರು ತಾಸು ಹಿಡಿದಿತ್ತು.

"ಅಯ್ಯ, ನಾಳಿ ನೆಟ್ಟ ಇರಂಗಿಲ್ಲವಾ, ಮೆಸೇಜ ಬಂದಿಲ್ಲ ನಿನಗ?" ಎಂದೆ. ದುಃಖದ ದನಿಯಲ್ಲೇ ಹೇಳಿದೆ. ಒಳಗೊಳಗೆ ಮೆಸೇಜು ತಿದ್ದಿದ ಮಾಲೀಕರಿಗೆ ಕೈ ಮುಗಿದೆ.

ಮರುದಿನ ಎರಡು ಗಂಟೆ. ಮಾಲೀಕರು ತಮ್ಮ ಮೊಬೈಲಿನಲ್ಲಿ ಕಬಡ್ಡಿ ಪಂದ್ಯ ಹಚ್ಚಿಕೊಂಡು ನನ್ನ ಪಕ್ಕ ಕೂತರು. ಅದು ನಿಂತರೆ ನಾನು ಸೋತ ಹಾಗೆ. ಚಿಕ್ಕೋಡಿ ಒತ್ತಿದೆ. ಎರಡು ನಿಮಿಷ ಅವರ ಮೊಬೈಲನ್ನೇ ನೋಡಿದೆ. ಕಬಡ್ಡಿ ನಡೆದೇ ಇತ್ತು. ನಿಪ್ಪಾಣಿ, ರಾಯಬಾಗ, ಅಥಣಿ, ಐನಾಪುರ. ಒಂದೊಂದೂ ಮಲಗಿತು, ಎದ್ದಿತು. ಒಬ್ಬ ಆಟಗಾರನೂ ಗೆರೆಯ ಮೇಲೆ ನಿಂತು ಹೆಪ್ಪುಗಟ್ಟಲಿಲ್ಲ. ನಾನು ಕುರ್ಚಿಗೆ ಒರಗಿದೆ.

ಮಾಲೀಕರು ತಲೆಯೆತ್ತಿದರು. "ಹೂಂ, ಚಾಲೂ ಮಾಡ್ರಿ ಮತ್ತ."

"ಮುಗೀತ್ರಿ. ಐದೂ ಆದುವು."

"ಏನೂ ಆಗಲೇ ಇಲ್ಲಲ್ರಿ!"

"ಏನೂ ಆಗಬಾರದಂತನ ಮಾಡಿದ್ದ್ರಿ."

ಅವರು ಮೊಬೈಲನ್ನು ಮೇಜಿನ ಮೇಲಿಟ್ಟರು. "ಅಂದ್ರ ಎರಡ ತಿಂಗಳ ಜೀಪಿಗೆ ಎಣ್ಣಿ ಸುಟ್ಟು, ಏನೂ ಆಗದಂಗ ಮಾಡೀರಿ."

ಅಷ್ಟರಲ್ಲಿ ಫೋನುಗಳು ಶುರುವಾದವು. ಪರದೆ ನೋಡಿದೆ, ಎಲ್ಲ ಹಸಿರು. ಮೊದಲ ಫೋನು ನಿಪ್ಪಾಣಿಯ ಒಬ್ಬ ಮಾಸ್ತರರದು. ಎರಡು ಗಂಟೆಯ ಆನ್‌ಲೈನ್ ತರಬೇತಿಗೆ ನೆಟ್ಟು ಇರುವುದಿಲ್ಲವೆಂದು ಮೇಲಧಿಕಾರಿಗೆ ತಿಳಿಸಿ, ಹೋಳಿಗೆ ಉಂಡು ಮಲಗಿದ್ದರಂತೆ. ಮೊಬೈಲು ತಾನೇ ತರಬೇತಿಗೆ ಸೇರಿಕೊಂಡು, ಅವರ ಗೊರಕೆ ಎಲ್ಲ ಮಾಸ್ತರರಿಗೂ ಕೇಳಿಸಿದೆ. ಎರಡನೆಯದು ಕುಡಚಿಯ ಒಬ್ಬ ತಾಯಿಯದು: ಮಕ್ಕಳಿಗೆ ಕಂಪನಿಯ ಮೆಸೇಜು ತೋರಿಸಿ ನಂಬಿಸಿ ಮಲಗಿಸಿದ್ದೆ, ಈಗ ನನ್ನ ಮಾತು ಮನೆಯಲ್ಲಿ ಯಾರು ನಂಬುತ್ತಾರೆ? ಮೂರನೆಯವರು ಹೆಸರು ಹೇಳಲಿಲ್ಲ. "ಹೋಗ್ತೈತಿ ಅಂದವ್ರು ತಗೀಬೇಕ್ರಿ. ಮಾತಿಗೆ ಒಂದ ಕಿಮ್ಮತ್ತ ಬ್ಯಾಡೇನು?" ಎಂದು ಇಟ್ಟುಬಿಟ್ಟರು.

ಮಾಲೀಕರು ಇಷ್ಟು ವರ್ಷ ನೆಟ್ಟು ಹೋದದ್ದಕ್ಕೆ ಕ್ಷಮೆ ಕೇಳಿ ಪಳಗಿದವರು. ಇದು ಅವರಿಗೂ ಹೊಸದು. "ತಪ್ಪಾತ್ರಿ, ತಪ್ಪಾತು," ಎನ್ನುತ್ತಿದ್ದರು. "ಮುಂದಿನ ಸಲ ಖಂಡಿತ ಹೋಗ್ತೈತ್ರಿ."

ನಾನು ಮೆಲ್ಲಗೆ ಎದ್ದು ಹಿಂದಿನ ಕೋಣೆಗೆ ಹೋದೆ. ಅಲ್ಲಿ ನನ್ನ ಮೊಬೈಲು ಮೇಜಿನ ಮೇಲೆ ಗುರುಗುಟ್ಟುತ್ತಿತ್ತು. ನಾದಿನಿ. ವಿಡಿಯೋ ಕಾಲ್. ಕತ್ತರಿಸಲು ಹೋದ ಬೆರಳು ಜಾರಿ ಎತ್ತುವ ಗುಂಡಿಗೆ ತಾಗಿತು. ಪರದೆ ತುಂಬ ಅವಳ ಮುಖ. ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ.

"ವೈನೀ! ನೆಟ್ಟ ಇರಂಗಿಲ್ಲ ಅಂದಿದ್ರಿ! ಎರಡ ಗಂಟೇದಿಂದ ಮೊಬೈಲ್ ಹಿಡಕೊಂಡ ಕುಂತೀನಿ, ಒಂದ ಸಲಾನೂ ಹೋಗಲಿಲ್ಲ ನೋಡ್ರಿ. ನಿಮ್ಮ ಆಫೀಸಿನಾಗ ಯಾರೋ ಭಾಳ ಶ್ಯಾಣ್ಯಾರು ಇದ್ದಂಗ ಐತಿ. ಯಾರ್ರೀ ಅವ್ರು?"

ಎರಡು ತಿಂಗಳಲ್ಲಿ ನನ್ನ ಕೆಲಸವನ್ನು ಹೊಗಳಿದ ಮೊದಲ ವ್ಯಕ್ತಿ ಅವಳು. ನಾನೇ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ, ನೆಟ್ಟು ಹೋಗದಂತೆ ಮಾಡುವವಳೇ ನೆಟ್ಟು ಇರುವುದಿಲ್ಲವೆಂದು ಹೇಳಿದ್ದು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಬಾಯಿ ಮುಚ್ಚಿದೆ.

"ಯಾರೋ ಹೊಸಬ್ರು ಬಂದಾರವಾ," ಎಂದೆ.

"ಅವ್ರಿಗೆ ನಾ ಶಾಭಾಸ್ ಅಂದೆ ಅಂತ ಹೇಳ್ರಿ ಮತ್ತ," ಎಂದು ನಾದಿನಿ ಮೊಬೈಲನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಮೊದಲನೆಯ ಸೀರೆ ಬಿಚ್ಚಿದಳು. ಇನ್ನೂ ಮೂವತ್ತೇಳು ಇದ್ದವು. ಸಂಜೆಯವರೆಗೂ ಚಿತ್ರ ಒಂದೇ ಒಂದು ಸಲವೂ ನಿಲ್ಲಲಿಲ್ಲ.